ಮಾವಿನ ನೆರಳಿಗೆ ತಂದ ಹೆಮಿಗ್ರಾಫಿಸ್ ಸಸಿಗಳು

ಬೆಳಗಾವಿಯ ಟಿಳಕವಾಡಿ ಭಾಗದ ನರ್ಸರಿಯೊಂದರಿಂದ ಕಳೆದ ಜೂನ್ ತಿಂಗಳಲ್ಲಿ, ಹಿತ್ತಲಿನ ಮಾವಿನ ಮರದಡಿ ಹುಲ್ಲೂ ಬೆಳೆಯದ ಜಾಗವನ್ನು ಮುಚ್ಚಲೆಂದು, ಹೆಮಿಗ್ರಾಫಿಸ್ ಆಲ್ಟರ್ನೇಟಾ ಎಂಬ ನೆಲಹೊದಿಕೆ ಸಸ್ಯದ 12 ಸಸಿಗಳನ್ನು ತಂದಿದ್ದೆ. ಆಗ್ನೇಯ ಏಷ್ಯಾ ಮೂಲದ ಈ ಸಸ್ಯಕ್ಕೆ ಕೇರಳದಲ್ಲಿ ಮುರಿಕೂಟಿ ಎಂಬ ಹೆಸರಿದ್ದು, ಅಲ್ಲಿನವರು ಎಲೆಯನ್ನು ಅರೆದು ಗಾಯಕ್ಕೆ ಹಚ್ಚುವುದುಂಟು. ಸುಕ್ಕುಗಟ್ಟಿದ ಎಲೆಯ ಮೇಲ್ಭಾಗ ಬೂದುಮಿಶ್ರಿತ ಹಸಿರು. ಮಗುಚಿ ನೋಡಿದರೆ ಮಾಗಿದ ನೇರಳೆ ಹಣ್ಣಿನ ಬಣ್ಣ. ಹರಿದಾಡುವ ಕಾಂಡದ ಗೆಣ್ಣು ಒದ್ದೆ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುವುದರಿಂದ, ಒಂದು ಅಡಿ ಅಂತರದಲ್ಲಿ ನೆಟ್ಟ ಸಸಿಗಳು ದೀಪಾವಳಿಯ ಹೊತ್ತಿಗೆ ಒಂದಕ್ಕೊಂದು ಹೆಣೆದುಕೊಂಡವು.

ಆದರೆ ಸಸಿಯ ಚೀಲಗಳಲ್ಲಿ ತುಂಬಿದ್ದು ಜಿಗುಟಾದ ಎರೆಮಣ್ಣು. ಇಲ್ಲಿಯ ಬಿಡದ ಮಳೆಗೆ ನೀರು ಬಸಿಯದೆ ಮೂರು ಸಸಿಗಳ ಬುಡ ಕೊಳೆತುಹೋಯಿತು. ನರ್ಸರಿಯವರು ಬದಲಿ ಕೊಡಲೊಪ್ಪಲಿಲ್ಲ, ಅದು ಬೇಸರದ ಸಂಗತಿ. ಉಳಿದವುಗಳ ಬೇರಿನ ಮಣ್ಣನ್ನು ತೊಳೆದು, ಕೆಂಪುಮಣ್ಣು, ಮರಳು ಮತ್ತು ಕಳಿತ ಸಗಣಿಗೊಬ್ಬರದ ಮಿಶ್ರಣದಲ್ಲಿ ಮತ್ತೆ ನೆಟ್ಟ ಮೇಲೆ ಒಂದೂ ಸಾಯಲಿಲ್ಲ. ಸಸಿಗಳು ರೋಗವಿಲ್ಲದ, ಗಟ್ಟಿ ಕಾಂಡದವಾಗಿದ್ದವೆಂಬುದನ್ನು ಹೇಳಲೇಬೇಕು. ಕೊಳ್ಳುವವರು ನಾಲ್ಕೇ ಸಸಿ ತಂದರೂ ಸಾಕು, ತುದಿ ಚಿವುಟಿ ನೆಟ್ಟರೆ ಉಳಿದದ್ದನ್ನು ಮನೆಯಲ್ಲೇ ಬೆಳೆಸಿಕೊಳ್ಳಬಹುದು.