ಎಡಗೈ ಗಿಟಾರ್ ಮತ್ತು ಕಾಟನ್ ಅಜ್ಜಿ

ನಾನು ಎಡಚ. ಚಿಕ್ಕವನಿದ್ದಾಗ ಎಡಗೈಲಿ ತುತ್ತು ಎತ್ತಿದರೆ ಅಜ್ಜಿ ಕೈ ಮೇಲೆ ಒಂದು ಬಿಡುತ್ತಿದ್ದರು. ಮೂವತ್ತು ದಾಟಿದ ಮೇಲೆ ಶಿವಮೊಗ್ಗದಲ್ಲಿ ಗಿಟಾರ್ ಕ್ಲಾಸಿಗೆ ಸೇರಿದೆ, ಅಲ್ಲೂ ಅದೇ ಕತೆ. "ಬಲಗೈಲಿ ನುಡಿಸೋದಾದ್ರೆ ಬನ್ನಿ" ಅಂದರು ಮೇಷ್ಟ್ರು. ಎರಡು ತಿಂಗಳು ಹೆಣಗಿ ಬಿಟ್ಟೆ. ಗಿಟಾರ್ ಸಾಗರದ ಮನೆಯ ಅಟ್ಟ ಸೇರಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಂತಿಗೆ ತುಕ್ಕು, ಚೀಲಕ್ಕೆ ಬೂಷ್ಟು.

ಅದನ್ನು ಕೆಳಗಿಳಿಸಿದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಹಾಡುಗಾರ್ತಿ, ಗಿಟಾರ್ ವಾದಕಿ ಎಲಿಜಬೆತ್ ಕಾಟನ್ ಅವರ ಆಲ್ಬಂ. 1958ರಲ್ಲಿ ಫೋಕ್‌ವೇಸ್ ಕಂಪನಿ ತಂದದ್ದು. ಈಗ ಸಿಗುವ ಮರುಬಿಡುಗಡೆಯ ಹೆಸರು ಉದ್ದ: 'ಫ್ರೈಟ್ ಟ್ರೈನ್ ಅಂಡ್ ಅದರ್ ನಾರ್ತ್ ಕ್ಯಾರೊಲೈನಾ ಫೋಕ್ ಸಾಂಗ್ಸ್ ಅಂಡ್ ಟ್ಯೂನ್ಸ್'. ಈಗ ಫೋಕ್‌ವೇಸ್ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಕೈಲಿದೆ. ಹಳೆಯದು ಅಂತ ಯಾವುದನ್ನೂ ಮೂಲೆಗೆ ಹಾಕಿಲ್ಲ. ಆಲ್ಬಂ ಜೊತೆ ಬಂದ ಟಿಪ್ಪಣಿ ಪುಸ್ತಕವನ್ನು ಅವರ ಸೈಟಿನಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಹಾಡು ಕೇಳುವ ಮೊದಲು ಅದನ್ನು ಓದಿ.

ಕಾಟನ್ ಕೂಡ ಎಡಗೈಯವರು. ಅಣ್ಣ ಕೆಲಸಕ್ಕೆ ಹೋದಾಗ ಅವನ ಬ್ಯಾಂಜೊ ಕದ್ದು ನುಡಿಸಿ ಕಲಿತರು. ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಲ್ಲಿ, 3.75 ಡಾಲರಿಗೆ, ಸ್ವಂತ ಗಿಟಾರ್ ತಗೊಂಡರು. ಬಲಗೈಯವರ ಗಿಟಾರೇ. ತಂತಿ ಬದಲಿಸಲಿಲ್ಲ, ಹಾಗೇ ತಿರುಗಿಸಿ ಹಿಡಿದರು, ಅಷ್ಟೆ. ಆಗ ದಪ್ಪ ತಂತಿ ಕೆಳಗೆ ಬರುತ್ತದೆ, ಸಣ್ಣದು ಮೇಲೆ. ಉಳಿದವರು ಹೆಬ್ಬೆರಳಲ್ಲಿ ಮೀಟುವ ದಪ್ಪ ತಂತಿಯನ್ನು ಇವರು ತೋರುಬೆರಳಲ್ಲಿ ಮೀಟುತ್ತಾರೆ. ಹಾಡಿನ ಮಟ್ಟು ಹೆಬ್ಬೆರಳಿನ ಪಾಲು. ಇದನ್ನು ಓದಿದ ದಿನವೇ ಅಟ್ಟ ಹತ್ತಿದೆ.

ಚರ್ಚಿನವರು ಲೌಕಿಕದ ಹಾಡು ಬೇಡ ಅಂದಿದ್ದಕ್ಕೆ ಇವರು ದಶಕಗಟ್ಟಲೆ ಗಿಟಾರ್ ಮುಟ್ಟಲಿಲ್ಲ. ವಾಷಿಂಗ್ಟನ್ನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುವಾಗ ದಾರಿ ತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸಿದರು. ಅದು ಸೀಗರ್ ಎಂಬ ಸಂಗೀತಗಾರರ ಮನೆ. ಆಮೇಲೆ ಅಲ್ಲೇ ಮನೆಗೆಲಸ. ಗೋಡೆಗೆ ತೂಗುಹಾಕಿದ್ದ ಗಿಟಾರ್ ಎತ್ತಿಕೊಂಡಾಗ ಬೆರಳಿಗೆ ಎಲ್ಲ ನೆನಪಿತ್ತು. ಆ ಮನೆಯ ಹುಡುಗ ಮೈಕ್ ಸೀಗರ್ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದೇ ಈ ಆಲ್ಬಂ. ಆಗ ಅವರಿಗೆ ಅರವತ್ತು ದಾಟಿತ್ತು.

ಸ್ಟುಡಿಯೋ ನಯ ಹುಡುಕಿದರೆ ನಿರಾಸೆ. ದನಿ ಸಣ್ಣದು, ಅಲ್ಲಲ್ಲಿ ಜಾರುತ್ತದೆ. ಅಮ್ಮ ಅಡಿಕೆ ಸುಲಿಯುತ್ತಾ ಕೇಳಿಸಿಕೊಂಡು, "ಇದೆಂತ ಅಪ್ಪಿ, ಹಾಡ್ತಾ ಇದ್ದಾಳಾ, ಸುಮ್ನೆ ತನ್ನಷ್ಟಕ್ಕೆ ಮಾತಾಡ್ತಾ ಇದ್ದಾಳಾ?" ಅಂದರು. ಎರಡೂ ಹೌದು. ಕೆಲವು ಮಟ್ಟುಗಳು ಕಿವಿಗೆ ಹತ್ತುವಷ್ಟರಲ್ಲೇ ಮುಗಿಯುತ್ತವೆ, ಅದೊಂದು ಬೇಜಾರು. ಆದರೆ ಗಿಟಾರ್! ದಪ್ಪ ತಂತಿ ಎರಡು ಕಡೆ ಕಾಲಿಟ್ಟು ನಡೆದಂತೆ ಟಕ್‌ಟಕ್ ಅನ್ನುತ್ತಿರುತ್ತದೆ, ಮೇಲೆ ಮಟ್ಟು ಆರಾಮಾಗಿ ಓಡಾಡುತ್ತದೆ. ಆ ಕಡೆಯ ಪೀಡ್‌ಮಾಂಟ್ ಬ್ಲೂಸ್ ಎಂಬ ಗಿಟಾರ್ ಶೈಲಿಯ ನಡಿಗೆಯೇ ಇದು. ಚರ್ಚಿನ ಹಾಡಿಗೂ ಅದೇ ನಡಿಗೆ. 'ಫ್ರೈಟ್ ಟ್ರೈನ್' ಮನೆ ಹತ್ತಿರ ಹೋಗುತ್ತಿದ್ದ ಗೂಡ್ಸ್ ರೈಲು ಕೇಳಿ ಸಣ್ಣ ವಯಸ್ಸಲ್ಲೇ ಕಟ್ಟಿದ್ದಂತೆ. ನಮ್ಮ ಮನೆಗೆ ತಾಳಗುಪ್ಪದ ರೈಲು ಕೇಳಿಸುತ್ತದೆ. ನಾನಿನ್ನೂ ಏನೂ ಕಟ್ಟಿಲ್ಲ.

ಕಲಿಯುವವರಿಗೆ ಒಂದು ಮಾತು. ಇದು ಪಾಠದ ಕ್ಯಾಸೆಟ್ ಅಲ್ಲ. ಫೋನಿನಲ್ಲಿ ವೇಗ ಇಳಿಸಿಕೊಂಡು ಒಂದೊಂದು ಸಾಲೇ ಕೇಳಬೇಕು. ನನಗೆ ಮೊದಲ ಹಾಡು ಹಿಡಿಯಲು ಒಂದೂವರೆ ತಿಂಗಳು ಬೇಕಾಯ್ತು. ಆಲ್ಬಂನ 'ವಾಸ್ಟಪೋಲ್' ಎಂಬ ಮಟ್ಟಿಗೆ ನಾಲ್ಕು ತಂತಿ ಸಡಿಲಿಸಿ ಶ್ರುತಿ ಬದಲಿಸಬೇಕು. ಮತ್ತೆ ಬಿಗಿ ಮಾಡುವಾಗ ನನ್ನ ತುಕ್ಕು ತಂತಿ ಒಂದು ಟಪ್ಪಂತ ಹೋಯ್ತು. ಮಲೆನಾಡಿನವರು ಆಲ್ಬಂ ಜೊತೆ ಒಂದು ಸೆಟ್ ತಂತಿಯನ್ನೂ ತರಿಸಿಕೊಳ್ಳಿ.