ಹಾರ್ನ್ ಸಾಲು ಬರೆಯಲು ಯಾವುದು ವಾಸಿ: ಮ್ಯೂಸ್‌ಸ್ಕೋರ್, ಸಿಬೇಲಿಯಸ್, ಡೋರಿಕೊ, ಲಿಲಿಪಾಂಡ್

ಹಳೆಯ ಆರ್ಕೆಸ್ಟ್ರಾ ಸ್ಕೋರ್ ಒಂದನ್ನು, ಅಂದರೆ ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಪುಸ್ತಕವನ್ನು, ಎದುರಿಗಿಟ್ಟುಕೊಂಡು ಸ್ವರಲಿಪಿ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರಿಗೆ ಇಳಿಸಲು ಕೂತರೆ ವಯೊಲಿನ್, ಚೆಲ್ಲೊ ಸಾಲುಗಳು ಸಲೀಸಾಗಿ ಮುಗಿಯುತ್ತವೆ. ಪುಟದಲ್ಲಿ ಸಿ ಅನ್ನುವ ಸ್ವರ ಇದ್ದರೆ (ಪಾಶ್ಚಾತ್ಯರು ಸ್ವರಗಳಿಗೆ ಎ ಇಂದ ಜಿ ವರೆಗಿನ ಅಕ್ಷರ ಬಳಸುತ್ತಾರೆ) ಸಿ ಒತ್ತಿದರಾಯಿತು. ಕೆಲಸ ನಿಧಾನವಾಗುವುದು ಕ್ಲ್ಯಾರಿನೆಟ್, ಹಾರ್ನ್, ಟ್ರಂಪೆಟ್‌ಗೆ ಬಂದಾಗ. ಅಲ್ಲಿ ಬರೆದಿರುವುದು ಒಂದು ಸ್ವರ, ಕಿವಿಗೆ ಕೇಳುವುದು ಇನ್ನೊಂದು. ನಮ್ಮಲ್ಲಿ ಸಂಗೀತ ಕಲಿತವರಿಗೆ ಇದೇನು ಹೊಸದಲ್ಲ. ತಂಬೂರಿ ಶ್ರುತಿ ಏರಿಸಿದರೂ ಇಳಿಸಿದರೂ ಪುಸ್ತಕದಲ್ಲಿ ಸ ಅನ್ನುವುದು ಸ ಆಗಿಯೇ ಇರುತ್ತೆ, ಅಲ್ವಾ? 18ನೇ ಶತಮಾನದ ಹಾರ್ನ್ ವಾದಕನದ್ದೂ ಹಾಗೇ. ಕ್ರುಕ್ ಅನ್ನುವ ಕೊಳವೆಯ ತುಂಡನ್ನು ಬದಲಿಸಿ ವಾದ್ಯದ ಶ್ರುತಿ ಬದಲಿಸುತ್ತಿದ್ದ. ಕಾಗದದ ಮೇಲಿನ ಸಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕದ್ರಿ ಗೋಪಾಲನಾಥ್ ಅವರ ಕೈಯಲ್ಲಿ ನಾವು ಕೇಳಿದ ಆಲ್ಟೊ ಸ್ಯಾಕ್ಸೋಫೋನ್ ಕೂಡ ಪಾಶ್ಚಾತ್ಯ ಸ್ಕೋರ್‌ನಲ್ಲಿ ಇದೇ ಗುಂಪಿನ ವಾದ್ಯ.

ಹೋಲಿಕೆಗೆ ನಾನು ಆರಿಸಿಕೊಂಡದ್ದು ಎರಡು ಕೃತಿ. ಒಂದು ಮೊಝಾರ್ಟ್‌ನ 40ನೇ ಸಿಂಫನಿಯ ಮೊದಲ ಭಾಗ, 1788ರದ್ದು. ಇನ್ನೊಂದು ಬೀಥೋವನ್‌ನ ಐದನೆಯದು, 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ನುಡಿಸಿದ್ದು. ಎರಡನ್ನೂ ಮ್ಯೂಸ್‌ಸ್ಕೋರ್, ಸಿಬೇಲಿಯಸ್, ಡೋರಿಕೊ, ಲಿಲಿಪಾಂಡ್ ನಾಲ್ಕರಲ್ಲೂ ಬರೆದು ನೋಡಿದೆ. ಫಿನಾಲೆ ಅನ್ನುವ ಇನ್ನೊಂದು ಸಾಫ್ಟ್‌ವೇರನ್ನು ಬಿಟ್ಟಿದ್ದೇನೆ. 2024ರ ಆಗಸ್ಟ್‌ನಲ್ಲಿ ಅದರ ಬೆಳವಣಿಗೆ ನಿಲ್ಲಿಸುವುದಾಗಿ ಕಂಪನಿಯೇ ಹೇಳಿತು, ಇನ್ನು ಹೊಸದಾಗಿ ಅದನ್ನು ಕಲಿಯಲು ಹೋಗುವುದರಲ್ಲಿ ಅರ್ಥವಿಲ್ಲ.

ಸಾಫ್ಟ್‌ವೇರ್‌ಗಿಂತ ಮೊದಲು ದಾರಿ ಆರಿಸಿಕೊಳ್ಳಬೇಕು. ಮೂರು ದಾರಿ ಇವೆ. ಎಲ್ಲವನ್ನೂ ಕೇಳಿಸುವ ಎತ್ತರದಲ್ಲಿ, ಅಂದರೆ ಕಾನ್ಸರ್ಟ್ ಪಿಚ್‌ನಲ್ಲಿ ಬರೆದು ಆಮೇಲೆ ಸಾಫ್ಟ್‌ವೇರ್ ಕೈಲಿ ಟ್ರಾನ್ಸ್‌ಪೋಸ್ ಮಾಡಿಸುವುದು, ಅಂದರೆ ಆಯಾ ವಾದ್ಯದ ಪುಟಕ್ಕೆ ತಕ್ಕಂತೆ ಸ್ವರಗಳನ್ನು ಏರಿಸುವುದು ಇಳಿಸುವುದು. ಇಲ್ಲವೇ ಹಾರ್ನ್‌ಗಳನ್ನೆಲ್ಲ ಇವತ್ತಿನ ವಾದಕರು ಓದುವ ಎಫ್ ಹಾರ್ನ್‌ಗೆ (ಕಾಗದದ ಸಿ ಅಲ್ಲಿ ಎಫ್ ಆಗಿ ಕೇಳುತ್ತೆ) ಬರೆಯುವಾಗಲೇ ಬದಲಿಸಿಬಿಡುವುದು. ಇಲ್ಲವೇ ಹಳೆಯ ಪುಟದಲ್ಲಿ ಯಾವ ಕ್ರುಕ್ ಇದೆಯೋ ಅದೇ ವಾದ್ಯ ಇಟ್ಟು, ಪುಟದಲ್ಲಿರುವ ಅಕ್ಷರವನ್ನೇ ಹಾಗೆ ಹಾಗೇ ಒತ್ತುವುದು.

ನನ್ನ ಓಟು ಮೂರನೆಯದಕ್ಕೆ, ಅನುಮಾನವೇ ಇಲ್ಲ. ಯಾಕೆ ಅನ್ನುವುದನ್ನು ಮೊಝಾರ್ಟ್‌ನ ಪುಟವೇ ತೋರಿಸುತ್ತೆ. ಅದು ಜಿ ಮೈನರ್ ಕೃತಿ. ಹಾರ್ನ್ ಎರಡೇ, ಆದರೆ ಎರಡಕ್ಕೂ ಬೇರೆ ಬೇರೆ ಕ್ರುಕ್: ಮೊದಲನೆಯದು ಬಿ ಫ್ಲ್ಯಾಟ್ ಆಲ್ಟೊ (ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ, ಆಲ್ಟೊ ಅಂದರೆ ಮೇಲಿನ ಸ್ಥಾಯಿಯದು), ಎರಡನೆಯದು ಜಿ. ವಾಲ್ವ್ ಇಲ್ಲದ ಆ ಕಾಲದ ಹಾರ್ನ್‌ಗೆ ಸಲೀಸಾಗಿ ಸಿಗುತ್ತಿದ್ದದ್ದು ಕೆಲವೇ ಸ್ವರ. ಜಿ ಹಾರ್ನ್‌ನಲ್ಲಿ ಬರೆದ ಇ ನುಡಿಸಿದರೆ ಬಿ ನ್ಯಾಚುರಲ್ (ಫ್ಲ್ಯಾಟ್ ಮಾಡದ ಬಿ) ಕೇಳುತ್ತೆ, ಅದು ಜಿ ಮೇಜರ್‌ನ ಸ್ವರ. ಮೈನರ್‌ಗೆ ಬೇಕಾದ ಬಿ ಫ್ಲ್ಯಾಟ್ ಎಲ್ಲಿಂದ ತರೋದು? ಪಕ್ಕದ ವಾದಕನಿಗೆ ಬಿ ಫ್ಲ್ಯಾಟ್ ಕ್ರುಕ್ ಕೊಟ್ಟರೆ ಅವನ ಸಿ ಅನ್ನುವುದೇ ಬಿ ಫ್ಲ್ಯಾಟ್. ಇಬ್ಬರ ಕಾಗದದಲ್ಲೂ ಒಂದೇ ಸಿ ಇದ್ದಾಗ ಸಭೆಗೆ ಕೇಳುವುದು ಜಿ ಮತ್ತು ಬಿ ಫ್ಲ್ಯಾಟ್. ಇದನ್ನು ಎಫ್ ಹಾರ್ನ್‌ಗೆ ಬದಲಿಸಿದರೆ ಒಬ್ಬನಿಗೆ ಡಿ, ಇನ್ನೊಬ್ಬನಿಗೆ ಎಫ್ ಬರುತ್ತೆ. ನುಡಿಸಲು ಏನೂ ತೊಂದರೆಯಿಲ್ಲ, ಆದರೆ ಮೊಝಾರ್ಟ್ ಹೂಡಿದ ಉಪಾಯ ಪುಟದಿಂದ ಅಳಿಸಿಹೋಗುತ್ತೆ. ನನಗಂತೂ ಅದು ದೊಡ್ಡ ನಷ್ಟ.

ಬೀಥೋವನ್‌ನಲ್ಲೂ ಅಷ್ಟೇ. ಮೊದಲ ಭಾಗದಲ್ಲಿ ಎರಡನೆಯ ವಸ್ತು (ಥೀಮ್) ಬರುವ ಮೊದಲು ಹಾರ್ನ್‌ಗಳು ಕೂಗುತ್ತವಲ್ಲ, ಅದು ಇ ಫ್ಲ್ಯಾಟ್ ಹಾರ್ನ್‌ನ ಪುಟದಲ್ಲಿ ಜಿ ಜಿ ಜಿ ಸಿ ಡಿ ಜಿ. ಎಲ್ಲವೂ ಆ ವಾದ್ಯಕ್ಕೆ ಸಹಜವಾಗಿ ಸಿಗುವ ಸ್ವರಗಳೇ. ಮುಂದೆ ಇದೇ ಕೂಗು ಸಿ ಮೇಜರ್‌ನಲ್ಲಿ ಮರಳಿದಾಗ ಅದೇ ಹಾರ್ನ್‌ಗೆ ಇ, ಎ, ಬಿ ಬರೆಯಬೇಕಾಗುತ್ತಿತ್ತು. ಆ ಎತ್ತರದಲ್ಲಿ ಎ, ಬಿ ಹಾಗೆ ಸಹಜವಾಗಿ ಸಿಗುವುದಿಲ್ಲ. ಬೀಥೋವನ್ ಅದನ್ನು ಬಸೂನ್ ಅನ್ನುವ ಮರದ ಊದುವಾದ್ಯಗಳಿಗೆ ಕೊಟ್ಟ. ಎಫ್ ಹಾರ್ನ್‌ನಲ್ಲಿ ಎಫ್ ಎಫ್ ಎಫ್ ಬಿ ಫ್ಲ್ಯಾಟ್ ಸಿ ಎಫ್ ಅಂತ ಬರೆದ ಪುಟ ನೋಡಿದವರಿಗೆ ಬಸೂನ್ ಯಾಕೆ ಬಂತು ಅಂತ ಹೊಳೆಯುವುದೇ ಇಲ್ಲ.

ಕಾನ್ಸರ್ಟ್ ಪಿಚ್ ದಾರಿಯ ತೊಂದರೆ ಬೇರೆ. ಬರೆಯುವಾಗ ಪ್ರತಿ ಸ್ವರವನ್ನೂ ತಲೆಯಲ್ಲೇ ಲೆಕ್ಕ ಹಾಕಬೇಕು, ಆಮೇಲೆ ಮೂಲದ ಜೊತೆ ತಾಳೆ ನೋಡುವಾಗ ಇನ್ನೊಮ್ಮೆ ಲೆಕ್ಕ ಹಾಕಬೇಕು. ಹೊಸದಾಗಿ ಸ್ವಂತ ಸಂಗೀತ ರಚಿಸುವವರಿಗೆ ಇದು ಒಳ್ಳೆಯ ದಾರಿಯೇ, ಪ್ರೊಕೋಫಿಯೆವ್ ತನ್ನ ಸ್ಕೋರ್‌ಗಳನ್ನು ಬರೆಯುತ್ತಿದ್ದದ್ದು ಹೀಗೇ. ನಕಲು ಮಾಡುವವರಿಗೆ ಸುಮ್ನೆ ಜಾಸ್ತಿ ಕೆಲಸ.

ಈಗ ಸಾಫ್ಟ್‌ವೇರ್. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಮೆನುವಿನಲ್ಲಿ ಕಾಣಿಸುವುದಿಲ್ಲ. ಮ್ಯೂಸ್‌ಸ್ಕೋರ್, ಸಿಬೇಲಿಯಸ್, ಡೋರಿಕೊ ಮೂರೂ ನೀವು ಬರೆದದ್ದನ್ನು ಕೇಳಿಸುವ ಸ್ವರವಾಗಿ ನೆನಪಿಟ್ಟುಕೊಳ್ಳುತ್ತವೆ, ಕಾಗದದ ಮೇಲಿನ ಸ್ವರವನ್ನು ಅದರಿಂದ ಲೆಕ್ಕ ಹಾಕಿ ತೋರಿಸುತ್ತವೆ. ಲಿಲಿಪಾಂಡ್ ಇದರ ತಿರುವುಮುರುವು: ಕಾಗದದ ಸ್ವರವೇ ಅದಕ್ಕೆ ಅಸಲು, ಕೇಳಿಸುವುದು ಲೆಕ್ಕದಿಂದ ಬರುವುದು. ಮೊದಲ ಮೂರರಲ್ಲಿ ಎಫ್ ಹಾರ್ನ್ ಇಟ್ಟುಕೊಂಡು ಬೀಥೋವನ್‌ನ ಜಿ ಜಿ ಜಿ ಸಿ ಒತ್ತಿ, ಆಮೇಲೆ ವಾದ್ಯವನ್ನು ಇ ಫ್ಲ್ಯಾಟ್ ಹಾರ್ನ್‌ಗೆ ಬದಲಿಸಿದರೆ ಅಕ್ಷರಗಳು ಎ ಎ ಎ ಡಿ ಆಗಿ ಕೂರುತ್ತವೆ, ಯಾಕಂದ್ರೆ ಸಾಫ್ಟ್‌ವೇರ್ ಕೇಳುವ ಸ್ವರವನ್ನು ಕಾಪಾಡುತ್ತದೆ. ಹಾಗಾಗಿ ಮೊದಲು ಕ್ರುಕ್, ಆಮೇಲೆ ಸ್ವರ. ಲಿಲಿಪಾಂಡ್‌ನಲ್ಲಿ ಟ್ರಾನ್ಸ್‌ಪೊಸಿಷನ್ ಅನ್ನುವ ಆದೇಶವನ್ನು ಯಾವಾಗ ಬದಲಿಸಿದರೂ ಪುಟ ಅಲುಗಾಡುವುದಿಲ್ಲ, ಕಂಪ್ಯೂಟರ್ ನುಡಿಸಿ ಕೇಳಿಸುವ ಮಿಡಿ ಧ್ವನಿ ಮಾತ್ರ ಬದಲಾಗುತ್ತೆ.

ಮ್ಯೂಸ್‌ಸ್ಕೋರ್ ಉಚಿತ, ಇಡೀ ಆರ್ಕೆಸ್ಟ್ರಾಕ್ಕೂ ಯಾವ ಮಿತಿಯಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾನ್ಸರ್ಟ್ ಪಿಚ್ ಅನ್ನುವ ಗುಂಡಿ ಇದೆ, ಅದನ್ನು ಆಫ್ ಮಾಡಿಟ್ಟರೆ ಒತ್ತಿದ ಅಕ್ಷರವೇ ಪುಟದಲ್ಲಿ ಮೂಡುತ್ತೆ. ಬೇಕಾದ ಕ್ರುಕ್ ವಾದ್ಯಗಳ ಪಟ್ಟಿಯಲ್ಲಿ ಸಿಗದಿದ್ದರೆ ಸ್ಟಾಫ್ ಪ್ರಾಪರ್ಟೀಸ್ ತೆರೆದು ಅಂತರವನ್ನು ನಾವೇ ಕೊಡಬಹುದು. ಜಿ ಹಾರ್ನ್‌ಗೆ ಪರ್ಫೆಕ್ಟ್ ಫೋರ್ತ್ (ಐದು ಸೆಮಿಟೋನ್, ಅಂದರೆ ಐದು ಅರ್ಧ ಸ್ವರ) ಕೆಳಕ್ಕೆ, ಬಿ ಫ್ಲ್ಯಾಟ್ ಆಲ್ಟೊಗೆ ಮೇಜರ್ ಸೆಕೆಂಡ್ (ಎರಡು ಸೆಮಿಟೋನ್) ಕೆಳಕ್ಕೆ, ಅಷ್ಟೇ. ಸ್ವಲ್ಪ ಕೈಕೆಲಸ ಬೇಕಾಗುವುದು ಕೀ ಸಿಗ್ನೇಚರ್‌ನಲ್ಲಿ, ಅಂದರೆ ಸಾಲಿನ ಮೊದಲಲ್ಲಿ ಹಾಕುವ ಶಾರ್ಪ್ (ಅರ್ಧ ಸ್ವರ ಮೇಲೆ), ಫ್ಲ್ಯಾಟ್ ಗುರುತುಗಳಲ್ಲಿ. ಮೊಝಾರ್ಟ್‌ನ ಜಿ ಮೈನರ್ ಬಿ ಫ್ಲ್ಯಾಟ್ ಹಾರ್ನ್‌ಗೆ ಎ ಮೈನರ್ ಆಗುತ್ತೆ, ಅಲ್ಲಿ ಶಾರ್ಪೂ ಇಲ್ಲ ಫ್ಲ್ಯಾಟೂ ಇಲ್ಲ, ಹಾಗಾಗಿ ಮೂಲದಂತೆಯೇ ಖಾಲಿ. ಆದರೆ ಜಿ ಹಾರ್ನ್‌ಗೆ ಅದು ಸಿ ಮೈನರ್, ಸಾಫ್ಟ್‌ವೇರ್ ಮೂರು ಫ್ಲ್ಯಾಟ್ ಹಾಕಿಬಿಡುತ್ತೆ. ಮೂಲದಲ್ಲಿ ಹಾರ್ನ್‌ಗೆ ಕೀ ಸಿಗ್ನೇಚರ್ ಹಾಕುವ ರೂಢಿಯೇ ಇಲ್ಲ. ಪ್ಯಾಲೆಟ್‌ನಿಂದ ಖಾಲಿ ಕೀ ಸಿಗ್ನೇಚರನ್ನು ಕಂಟ್ರೋಲ್ ಕೀ ಒತ್ತಿ ಹಿಡಿದು ಆ ಒಂದೇ ಸಾಲಿನ ಮೇಲೆ ಬಿಡಬೇಕು. ಕೀ ಪದೇ ಪದೇ ಬದಲಾಗುವ ಕೃತಿಯಲ್ಲಿ ಇದನ್ನು ಪ್ರತಿ ಸಲವೂ ನೆನಪಿಟ್ಟು ಮಾಡಬೇಕು.

ಸಿಬೇಲಿಯಸ್‌ನಲ್ಲಿ ಈ ಕೆಲಸ ಇಲ್ಲ. ಹಾರ್ನ್, ಟ್ರಂಪೆಟ್‌ಗೆ ಕೀ ಸಿಗ್ನೇಚರ್ ಇಲ್ಲದ ರೂಪವೇ ವಾದ್ಯಗಳ ಪಟ್ಟಿಯಲ್ಲಿದೆ. ಟ್ರಾನ್ಸ್‌ಪೋಸಿಂಗ್ ಸ್ಕೋರ್ ಗುಂಡಿ ಒಂದೇ ಕ್ಲಿಕ್. ಮಿಡಿ ಕೀಬೋರ್ಡಿನಲ್ಲಿ ನುಡಿಸಿ ಬರೆಯುವವರಿಗೆ, ಒತ್ತಿದ್ದು ಬರೆದ ಸ್ವರವೋ ಕೇಳುವ ಸ್ವರವೋ ಅಂತ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಳ್ಳುವ ಅವಕಾಶವೂ ಇದೆ. ಒಳ್ಳೆಯ ಸಾಫ್ಟ್‌ವೇರ್, ಇದನ್ನೇ ವರ್ಷಗಳಿಂದ ಬಳಸುತ್ತಿರುವವರು ಬಿಡುವ ಅಗತ್ಯವಿಲ್ಲ. ಹೊಸಬರಿಗೆ ಹಣ ಕೊಟ್ಟು ಇದನ್ನೇ ತಗೊಳ್ಳಿ ಅಂತ ನಾನು ಹೇಳುವುದಿಲ್ಲ, ಕಾರಣ ಡೋರಿಕೊ.

ಡೋರಿಕೊ 2016ರಲ್ಲಿ ಬಂತು. ಹಿಂದೆ ಸಿಬೇಲಿಯಸ್ ಕಟ್ಟಿದ ತಂಡದವರೇ ಇದನ್ನು ಹೊಸದಾಗಿ ಕಟ್ಟಿದ್ದು, ಮತ್ತು ಈ ಒಂದು ವಿಷಯದಲ್ಲಿ ಅವರು ಬಹಳ ಯೋಚನೆ ಮಾಡಿದ್ದಾರೆ ಅಂತ ಬಳಸುವಾಗಲೇ ಗೊತ್ತಾಗುತ್ತೆ. ಇಲ್ಲಿ ಸಾಲಿಗಿಂತ ಮುಂಚೆ ವಾದಕ ಬರುತ್ತಾನೆ, ಅವನ ಕೈಗೆ ಎಷ್ಟು ವಾದ್ಯ ಬೇಕಾದರೂ ಕೊಡಬಹುದು. ಬೀಥೋವನ್‌ನ ಐದನೆಯದರಲ್ಲಿ ಕ್ಲ್ಯಾರಿನೆಟ್ ಮೊದಲ ಮೂರು ಭಾಗಕ್ಕೆ ಬಿ ಫ್ಲ್ಯಾಟ್, ಕೊನೆಯದಕ್ಕೆ ಸಿ. ಹಾರ್ನ್ ಮೊದಲ ಭಾಗದಲ್ಲಿ ಇ ಫ್ಲ್ಯಾಟ್, ಎರಡರಲ್ಲಿ ಸಿ, ಮೂರರಲ್ಲಿ ಮತ್ತೆ ಇ ಫ್ಲ್ಯಾಟ್, ನಾಲ್ಕರಲ್ಲಿ ಮತ್ತೆ ಸಿ. ಮೂರನೆಯದರಿಂದ ನಾಲ್ಕನೆಯದಕ್ಕೆ ನಿಲ್ಲದೇ ಹೋಗುತ್ತೆ ಬೇರೆ. ಡೋರಿಕೊದಲ್ಲಿ ಒಬ್ಬನೇ ವಾದಕನಿಗೆ ಎರಡೂ ಹಾರ್ನ್ ಕೊಟ್ಟು, ಎಲ್ಲಿ ಯಾವುದು ಬೇಕೋ ಅಲ್ಲಿ ಅದರ ಸಾಲಿನಲ್ಲಿ ಬರೆದರೆ ಸಾಕು. ಅವನ ಪಾರ್ಟ್ (ಅವನೊಬ್ಬನ ಸಾಲು ಮಾತ್ರ ಇರುವ ಪ್ರತಿ) ತಾನಾಗೇ ಒಂದೇ ಓಟದಲ್ಲಿ ಸಿದ್ಧವಾಗುತ್ತೆ, ವಾದ್ಯ ಬದಲಿಸುವ ಸೂಚನೆಯನ್ನೂ ತಾನೇ ಹಾಕುತ್ತೆ. ಮ್ಯೂಸ್‌ಸ್ಕೋರ್‌ನಲ್ಲೂ ವಾದ್ಯ ಬದಲಿಸಬಹುದು, ಅಲ್ಲಿ ಬದಲಾವಣೆಯ ಜಾಗದಲ್ಲಿ ನಾವೇ ಒಂದು ಸೂಚನೆ ಹಾಕಿ ವಾದ್ಯ ಆರಿಸಬೇಕು.

ಇನ್ನೊಂದು, ಡೋರಿಕೊದಲ್ಲಿ ಸ್ಕೋರ್ ಮತ್ತು ಪಾರ್ಟ್‌ಗಳು ಬೇರೆ ಬೇರೆ ಲೇಔಟ್. ಪೂರ್ಣ ಸ್ಕೋರ್ ಒಂದನ್ನು ಮೂಲದಂತೆ, ಇನ್ನೊಂದನ್ನು ಕಾನ್ಸರ್ಟ್ ಪಿಚ್‌ನಲ್ಲಿ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಬಹುದು. ಒಂದರಲ್ಲಿ ಸ್ಕ್ಯಾನ್ ಪುಟದ ಜೊತೆ ಕಣ್ಣಿನ ತಾಳೆ, ಇನ್ನೊಂದರಲ್ಲಿ ಸ್ವರಮೇಳ ಸರಿಯಿದೆಯಾ ಅಂತ ಓದುವುದು. ಕೀ ಇಲ್ಲದ ಹಾರ್ನ್ ಇಲ್ಲೂ ಸಿದ್ಧವಾಗೇ ಇದೆ. ಉಚಿತ ಆವೃತ್ತಿಗೆ ವಾದಕರ ಸಂಖ್ಯೆಯ ಮಿತಿ ಇರುವುದರಿಂದ ಆರ್ಕೆಸ್ಟ್ರಾ ಕೆಲಸಕ್ಕೆ ದೊಡ್ಡ ಆವೃತ್ತಿಯೇ ಬೇಕು, ಅದರ ಬೆಲೆ ನಮ್ಮ ಲೆಕ್ಕದಲ್ಲಿ ಸಣ್ಣದೇನಲ್ಲ.

ಲಿಲಿಪಾಂಡ್‌ನಲ್ಲಿ ಮೌಸ್ ಹಿಡಿದು ಎಳೆಯುವುದಿಲ್ಲ, ಎಲ್ಲವೂ ಟೈಪ್ ಮಾಡಿದ ಪಠ್ಯ. ಉಚಿತ. ಕಲಿಯಲು ಕಷ್ಟ, ಆದರೆ ನಕಲು ಮಾಡುವ ಕೆಲಸಕ್ಕೆ ಇದರಷ್ಟು ನೆಮ್ಮದಿ ಬೇರೆ ಯಾವುದರಲ್ಲೂ ಸಿಗಲಿಲ್ಲ. ಪುಟದಲ್ಲಿರುವುದನ್ನು ಬರೆದರೆ ಅದೇ ಅಲ್ಲಿರುತ್ತೆ. ಇವತ್ತಿನ ವಾದಕನಿಗೆ ಎಫ್ ಪಾರ್ಟ್ ಬೇಕೆಂದರೆ ಅದೇ ಪಠ್ಯವನ್ನು ಟ್ರಾನ್ಸ್‌ಪೋಸ್ ಆದೇಶದೊಳಗೆ ಹಾಕಿ ಎರಡನೇ ಸಲ ಅಚ್ಚು ಹಾಕಿಸಬಹುದು: ಇ ಫ್ಲ್ಯಾಟ್ ಹಾರ್ನ್‌ನ ಸಾಲು ಒಂದು ಟೋನ್ ಕೆಳಗೆ, ಜಿ ಹಾರ್ನ್‌ನದು ಒಂದು ಟೋನ್ ಮೇಲೆ, ಬಿ ಫ್ಲ್ಯಾಟ್ ಆಲ್ಟೊ ಒಂದು ಫೋರ್ತ್ ಮೇಲೆ. ಮೂಲ ಒಂದೇ ಕಡೆ, ತಿದ್ದಿದರೆ ಎರಡೂ ಕಡೆ ತಿದ್ದಿದಂತೆ.

ಹಾಗಾದರೆ ನಾನು ಯಾವುದನ್ನು ಬಳಸುತ್ತೇನೆ? ಪಾರ್ಟ್‌ಗಳನ್ನು ಅಚ್ಚು ಹಾಕಿ ವಾದಕರ ಮುಂದಿಡುವ ಕೆಲಸಕ್ಕೆ ಡೋರಿಕೊ. ಮೂಲಕ್ಕೆ ನಿಷ್ಠವಾಗಿ ಒಂದು ಪ್ರತಿ ಬೇಕು ಅಂದಾಗ ಲಿಲಿಪಾಂಡ್. ಈಗ ಶುರು ಮಾಡುತ್ತಿರುವ ಯಾರೇ ಕೇಳಿದರೂ ಮ್ಯೂಸ್‌ಸ್ಕೋರ್ ಅನ್ನುತ್ತೇನೆ, ಅದರಲ್ಲಿ ಆಗದ್ದು ಬಹಳ ಕಡಿಮೆ.

ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸಲು ಬಳಸುವ ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲನ್ನು ಒಮ್ಮೆ ಪಠ್ಯವಾಗಿ ತೆರೆದು ನೋಡಿ. ಅದರಲ್ಲೂ ಬರೆದ ಸ್ವರವೇ ಇರುತ್ತೆ, ಜೊತೆಗೆ ಎಷ್ಟು ಇಳಿಸಬೇಕು ಅನ್ನುವ ಎರಡು ಅಂಕಿ: ಎಷ್ಟು ಮೆಟ್ಟಿಲು, ಎಷ್ಟು ಸೆಮಿಟೋನ್. ಎಫ್ ಹಾರ್ನ್‌ಗೆ -4 ಮತ್ತು -7, ಇ ಫ್ಲ್ಯಾಟ್‌ಗೆ -5 ಮತ್ತು -9, ಜಿಗೆ -3 ಮತ್ತು -5, ಬಿ ಫ್ಲ್ಯಾಟ್ ಆಲ್ಟೊಗೆ -1 ಮತ್ತು -2. ಇವು ಸರಿಯಿದ್ದರೆ ಹಾರ್ನ್ ಸಾಲು ಸರಿಯಾಗಿ ಬಂದಿದೆ ಅಂತಲೇ. ಜರ್ಮನ್ ಸ್ಕೋರ್‌ನಲ್ಲಿ ಬಿ ಅಂದರೆ ಬಿ ಫ್ಲ್ಯಾಟ್, ಬಿ ನ್ಯಾಚುರಲ್‌ಗೆ ಅವರು ಎಚ್ ಬರೆಯುತ್ತಾರೆ. ಆಲ್ಟೊ, ಬಾಸೊ ಅಂತ ಹೇಳದೇ ಬಿಟ್ಟಿದ್ದರೆ ಅಕ್ಕಪಕ್ಕದ ಸಾಲು ನೋಡಿ ತೀರ್ಮಾನಿಸಬೇಕು, ಬಾಸೊ ಆದರೆ ಇನ್ನೊಂದು ಆಕ್ಟೇವ್ (ಸ್ಥಾಯಿ) ಕೆಳಗೆ.

ಕೊನೆಯದಾಗಿ ಬಾಸ್ ಕ್ಲೆಫ್, ಅಂದರೆ ತಗ್ಗಿನ ಸ್ವರಗಳಿಗಾಗಿ ಸಾಲಿನ ಮೊದಲಲ್ಲಿ ಹಾಕುವ ಚಿಹ್ನೆ. ಹಳೆಯ ರೂಢಿಯಲ್ಲಿ ಹಾರ್ನ್‌ನ ಕೆಳಗಿನ ಸ್ವರಗಳನ್ನು ಬಾಸ್ ಕ್ಲೆಫ್‌ನಲ್ಲಿ ಬರೆದಾಗ ಇವತ್ತಿನದಕ್ಕಿಂತ ಒಂದು ಆಕ್ಟೇವ್ ಕೆಳಗೆ ಬರೆಯುತ್ತಿದ್ದರು. ಎಫ್ ಹಾರ್ನ್ ಅಲ್ಲಿ ಫಿಫ್ತ್ (ಏಳು ಸೆಮಿಟೋನ್) ಕೆಳಗೆ ಕೇಳುವ ಬದಲು ಫೋರ್ತ್ ಮೇಲೆ ಕೇಳುತ್ತೆ. ಲಿಲಿಪಾಂಡ್‌ನಲ್ಲಿ ಆ ಜಾಗದಲ್ಲಿ ಇನ್ನೊಂದು ಟ್ರಾನ್ಸ್‌ಪೊಸಿಷನ್ ಆದೇಶ ಹಾಕಿದರೆ ಮುಗಿಯಿತು. ಉಳಿದ ಮೂರರಲ್ಲಿ ನಾನು ಇವತ್ತಿನ ಆಕ್ಟೇವ್‌ನಲ್ಲೇ ಬರೆದು, ಹಾಗೆ ಮಾಡಿದ್ದೇನೆ ಅಂತ ಸ್ಕೋರ್‌ನ ಮೊದಲ ಪುಟದಲ್ಲೂ ಹಾರ್ನ್ ಪಾರ್ಟ್‌ನ ನೆತ್ತಿಯಲ್ಲೂ ಒಂದು ಸಾಲು ಹಾಕುತ್ತೇನೆ.