8 ಇಂಚಿನ ಹಳೆ ಸರ್ಫೇಸ್ ಪ್ಲೇನರ್: 4 ವರ್ಷ ಬಳಸಿದ ಮೇಲೆ

ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಮರಗೆಲಸದ ಶೆಡ್ ಮುಚ್ಚುವಾಗ ಈ ಮೆಷಿನ್ ತಗೊಂಡೆ. ಹಲಗೆಯ ಮುಖ ಹೆರೆದು ಸಮ ಮಾಡುವ ಮೆಷಿನ್ ಇದು: ಈಚೆಗೊಂದು ಆಚೆಗೊಂದು ಟೇಬಲ್, ನಡುವೆ ಬ್ಲೇಡ್ ಕೂರಿಸಿದ, ತಿರುಗುವ ಕಟರ್. ಕಂಪನಿ ಹೆಸರೇ ಅಳಿಸಿಹೋಗಿತ್ತು. ಟೇಬಲ್ ತುಂಬಾ ತುಕ್ಕು. ಆದರೆ ಬೀಡು (ಎರಕದ ಕಬ್ಬಿಣ) ಗಟ್ಟಿಯಾಗಿತ್ತು, ಎಲ್ಲೂ ಬಿರುಕಿರಲಿಲ್ಲ. ಈಗ ಬಸವೇಶ್ವರನಗರದ ನಮ್ಮ ಮನೆ ಕಾರ್ ಶೆಡ್‌ನಲ್ಲಿದೆ. ಹಲಸು, ಸಿಲ್ವರ್ ಓಕ್, ಹಳೆ ಬಾಗಿಲಿನ ತೇಗ ಎಲ್ಲವನ್ನೂ ಇದರ ಮೇಲೆ ಓಡಿಸಿದ್ದೇನೆ. ಇದೇ ದುಡ್ಡಿಗೆ ಸಿಗುವ ಹೊಸ ಅಲ್ಯೂಮಿನಿಯಂ ಟೇಬಲ್ ಮೆಷಿನ್‌ಗಿಂತ ನನಗೆ ಇದೇ ಇಷ್ಟ. ಭಾರ ಜಾಸ್ತಿ ಇರುವುದರಿಂದ ನಡುಕವೇ ಇಲ್ಲ.

ಮೊದಲ ತಲೆನೋವು ಕರೆಂಟ್. ಮೋಟಾರ್ 2 ಎಚ್‌ಪಿ, ಮೂರು ಫೇಸ್. ಮನೆಯಲ್ಲಿ ಇರುವುದು ಸಿಂಗಲ್ ಫೇಸ್. ಪ್ಲೇಟ್ ಉಜ್ಜಿ ನೋಡಿದಾಗ 415 ವೋಲ್ಟ್, ಸ್ಟಾರ್ ಅಂತ ಇತ್ತು. ಸ್ಟಾರ್, ಡೆಲ್ಟಾ ಅಂದರೆ ಮೋಟಾರ್ ಒಳಗಿನ ಮೂರು ತಂತಿ ಸುರುಳಿಗಳನ್ನು ಜೋಡಿಸುವ ಎರಡು ರೀತಿ. ಸ್ಟಾರ್‌ನಲ್ಲಿ ಒಂದೊಂದು ಸುರುಳಿಗೂ ಬೀಳುವುದು 240 ವೋಲ್ಟ್ ಮಾತ್ರ, ಹೆಚ್ಚುಕಡಿಮೆ ಮನೆಯ ಸಿಂಗಲ್ ಫೇಸ್‌ನಷ್ಟೇ. ಹಾಗಾಗಿ ಎಲೆಕ್ಟ್ರಿಷಿಯನ್ ಕೈಲಿ ಕನೆಕ್ಷನ್ ಡೆಲ್ಟಾಗೆ ಬದಲಾಯಿಸಿ, ಸಿಂಗಲ್ ಫೇಸ್‌ನಲ್ಲಿ ನಡೆಯುವ ವಿಎಫ್‌ಡಿ (ಅದನ್ನು ಮೂರು ಫೇಸ್ ಮಾಡಿ ಮೋಟಾರ್‌ಗೆ ಕೊಡುವ ಪೆಟ್ಟಿಗೆ) ಹಾಕಿಸಿದೆ. ಈಗ ಸ್ಟಾರ್ಟ್ ಮಾಡಿದರೆ ಮನೆಯ ಲೈಟ್ ಮಂಕಾಗುವುದಿಲ್ಲ. ಒಂದು ಮಾತು: ವಿಎಫ್‌ಡಿಗೂ ಮೋಟಾರ್‌ಗೂ ನಡುವೆ ಬೇರೆ ಸ್ವಿಚ್ ಹಾಕಬೇಡಿ, ವಿಎಫ್‌ಡಿ ಸುಟ್ಟುಹೋಗಬಹುದು. ಮರದ ಹೊಟ್ಟು ಒಳಗೆ ಹೋಗದ ಜಾಗದಲ್ಲಿ ಅದನ್ನು ಕೂರಿಸಿ.

ಬೇರಿಂಗ್ ವಿಷಯದಲ್ಲಿ ಮೋಸ ಹೋದೆ. ಒಂದು ಅಂಗಡಿಯಲ್ಲಿ ಕೊಟ್ಟ 6205 ನಂಬರಿನ ಬೇರಿಂಗ್ ನಕಲಿ. ಮೂರೇ ತಿಂಗಳಿಗೆ ಕುಯ್ಯೋ ಅಂತ ಶುರುವಾಯಿತು. ಎಸ್.ಪಿ. ರಸ್ತೆಯಲ್ಲಿ ಬಿಲ್ ಸಮೇತ ಬೇರೆ ತಂದೆ, ಎರಡೂ ಕಡೆ ರಬ್ಬರ್ ಸೀಲ್ ಇರುವಂಥದ್ದು. ಅದು ಇವತ್ತಿಗೂ ಸದ್ದಿಲ್ಲದೆ ತಿರುಗುತ್ತಿದೆ.

ನಿಜವಾಗಿ ಸತಾಯಿಸಿದ್ದು ಬ್ಲೇಡ್. ಹಲಗೆ ಚೆನ್ನಾಗಿಯೇ ಬರುತ್ತಿತ್ತು, ಆದರೆ ಕೊನೆಯ ಎರಡು ಇಂಚಿನಲ್ಲಿ ಗುಳಿ. ಟೇಬಲ್ ಏರಿಸಿ ಇಳಿಸಿ ಸಾಕಾಯಿತು. ಪಕ್ಕದ ರಸ್ತೆಯಲ್ಲಿ ಬಾಗಿಲು ಮಾಡುವ ಆಚಾರ್ರು ಬಂದು ನೋಡಿದರು. "ಸಾರ್, ಟೇಬಲ್ ಮುಟ್ಬೇಡಿ. ಮೊದ್ಲು ಬ್ಲೇಡ್ ನೋಡಿ, ಎರಡೂ ತುದೀಲಿ ಒಂದೇ ಸಮ ಎಳೀತದಾ ಅಂತ" ಅಂದರು. ಮೆಷಿನ್ ಪ್ಲಗ್ ಕಿತ್ತು, ಆಚೆ ಟೇಬಲ್ ಮೇಲೆ ನೇರವಾದ ಒಂದು ಮರದ ಪಟ್ಟಿ ಇಟ್ಟರು, ತುದಿ ಕಟರ್ ಮೇಲೆ ಚಾಚುವ ಹಾಗೆ. ಟೇಬಲ್ ಅಂಚಿಗೆ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆ. ಪುಲ್ಲಿ ಹಿಡಿದು ಕಟರ್ ಅನ್ನು ಮೆಲ್ಲಗೆ ತಿರುಗಿಸಿದರು. ಬ್ಲೇಡ್ ಪಟ್ಟಿಯನ್ನು ತಾಗಿ ಈಚೆಗೆ ಎಳೆದು ಬಿಟ್ಟಿತು. ಮತ್ತೊಂದು ಗೆರೆ. ಎರಡು ಗೆರೆಗಳ ನಡುವೆ 3 ಮಿಲಿಮೀಟರ್ ಇರಬೇಕಂತೆ. ನಮ್ಮದು ಒಂದು ತುದಿಯಲ್ಲಿ 9, ಇನ್ನೊಂದರಲ್ಲಿ 5! ಅಂದರೆ ಬ್ಲೇಡ್ ಆಚೆ ಟೇಬಲ್‌ಗಿಂತ ಎತ್ತರವಾಗಿತ್ತು, ಅದೂ ಓರೆಯಾಗಿ. ಎರಡೂ ಬ್ಲೇಡ್‌ಗಳನ್ನು ಸಡಿಲಿಸಿ, ಸುತ್ತಿಗೆಯ ಹಿಡಿಯಿಂದ ತಟ್ಟಿ ತಟ್ಟಿ ಕೂರಿಸಲು ಒಂದು ಗಂಟೆ ಹಿಡಿಯಿತು. ಆಮೇಲೆ ಓಡಿಸಿದ ಹಲಸಿನ ಹಲಗೆಯಲ್ಲಿ ಗುಳಿ ಹುಡುಕಿದರೂ ಸಿಗಲಿಲ್ಲ. ಆ ಒಂದು ಗಂಟೆಯ ಪಾಠಕ್ಕೆ ಆಚಾರ್ರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ತೊಂದರೆಗಳೂ ಇವೆ. ಸದ್ದು ಜಾಸ್ತಿ. ಮೇಲಿನ ಮನೆ ಅಜ್ಜಿ ಮಲಗುವ ಹೊತ್ತಲ್ಲಿ, 2ರಿಂದ 4ರವರೆಗೆ, ನಾನು ಮುಟ್ಟುವುದೇ ಇಲ್ಲ. ಮಳೆಗಾಲದಲ್ಲಿ ಟೇಬಲ್‌ಗೆ ಮೇಣ ಹಚ್ಚದೆ ಒಂದು ವಾರ ಬಿಟ್ಟರೆ ಕಂದು ಚುಕ್ಕೆ ಬರುತ್ತದೆ. ಒಂದಡಿಗಿಂತ ಚಿಕ್ಕ ತುಂಡನ್ನು ಯಾವತ್ತೂ ಇದರಲ್ಲಿ ಓಡಿಸಬೇಡಿ, ಬೆರಳಿನ ಪ್ರಶ್ನೆ.

ಹಳೇದು ನೋಡಲು ಹೋಗುವಾಗ ಉದ್ದನೆಯ ಸ್ಟೀಲ್ ಸ್ಕೇಲ್, ಟಾರ್ಚ್ ಒಯ್ಯಿರಿ. ಎರಡು ಟೇಬಲ್‌ಗಳನ್ನೂ ಒಂದೇ ಮಟ್ಟಕ್ಕೆ ತಂದು, ಸ್ಕೇಲ್ ಅಡ್ಡ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಡಿ. ಬೆಳಕು ತೂರಿ ಬಂದ ಕಡೆ ಟೇಬಲ್ ಸಮವಿಲ್ಲ ಅಂತ. ತುದಿ ಸ್ವಲ್ಪ ಇಳಿಬಿದ್ದಿದ್ದರೆ ಕೂಲ್‌ಡ್ರಿಂಕ್ ಕ್ಯಾನಿನ ತಗಡು ಕತ್ತರಿಸಿ ಟೇಬಲ್ ಏರಿಳಿಯಲು ಜಾರುವ ಕೆಳಗಿನ ಸಂದಿಗೆ ತುರುಕಿ ಸರಿ ಮಾಡಬಹುದು, ನಾನೂ ಹಾಗೇ ಮಾಡಿದ್ದು. ಬೀಡು ಬಿರುಕು ಬಿಟ್ಟಿದ್ದರೆ ಮಾತ್ರ ಬಿಟ್ಟು ಬನ್ನಿ.